ಮೂವತ್ತಾರರ ಲೆಕ್ಕ

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದವನಿಗೆ ಲೆಕ್ಕ ಬಿಟ್ಟರೆ ಬೇರೆ ಚಟ ಇರಲಾರದು ಎಂದು ಮಂದಿ ತಿಳಿಯುತ್ತಾರೆ. ನನಗೆ ಫೋಟೋ ತೆಗೆಯುವ ಚಟವಿತ್ತು. ಆದರೆ ಅದರಲ್ಲೂ ಲೆಕ್ಕವೇ ಮುಂದು, ಫೋಟೋ ಹಿಂದು.

ಬಿ.ಕಾಂ. ಮುಗಿಸಿ 1972ರಲ್ಲಿ ನೌಕರಿಗೆ ಸೇರಿದೆ. ನಮ್ಮ ಕಡೆ ಅದು ದೊಡ್ಡ ಬರಗಾಲದ ವರ್ಷ. ಮರುವರ್ಷ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಆಗ್ಫಾ ಕ್ಲಿಕ್-3 ಎಂಬ ಕ್ಯಾಮೆರಾ ಕೊಂಡೆ. ಕಪ್ಪು ಡಬ್ಬಿ, ಒಂದು ರೀಲಿಗೆ ಹನ್ನೆರಡು ಚೌಕ ಫೋಟೋ. ಕೆಲವು ವರ್ಷದ ಮೇಲೆ 35 ಮಿ.ಮೀ. ರೀಲಿನ ಕ್ಯಾಮೆರಾ ಬಂತು. ಅದರಲ್ಲಿ ಮೂವತ್ತಾರು. ಈ ಮೂವತ್ತಾರೇ ನನಗೆ ಇಡೀ ವರ್ಷದ ಬಜೆಟ್ಟು! ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಆರು, ಬಂಧುಗಳ ಮದುವೆಗೆ ಹತ್ತು, ಪರಊರಿನ ನೆಂಟರು ಬಂದರೆ ಗೋಳಗುಮ್ಮಟದ ಮುಂದೆ ನಾಲ್ಕು, ಹೀಗೆ. ‘ಸುಮ್ಮನೆ ಒಂದು’ ಎಂಬ ಬಾಬ್ತು ನನ್ನ ಲೆಡ್ಜರಿನಲ್ಲಿ ಇರಲಿಲ್ಲ. ಒಮ್ಮೆ ನನ್ನಾಕೆ ರೊಟ್ಟಿ ಬಡಿಯುತ್ತ, “ನನ್ನದೂ ಒಂದು ತಗೀರಿ, ಹಿಂಗ ಕೂತಾಗ” ಎಂದಳು. “ರೀಲು ಖರ್ಚಾಗತೈತಿ” ಎಂದೆ. ಆಕೆ ಮತ್ತೆ ಕೇಳಲಿಲ್ಲ.

ಇಂದಿನ ಮಕ್ಕಳಿಗೆ ರೀಲು ಎಂದರೆ ಮೊಬೈಲಿನಲ್ಲಿ ಕುಣಿಯುವುದು. ಆಗಿನ ರೀಲು ಬೇರೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜಿಲೆಟಿನ್ನಿನಲ್ಲಿ ಬೆರೆಸಿದ ಬೆಳ್ಳಿಯ ಲವಣ ಬಳಿದಿರುತ್ತಿತ್ತು. ಬೆಳಕು ತಾಗಿದ ಕಡೆ ಆ ಲವಣ ಬದಲಾಗುತ್ತದೆ, ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಕತ್ತಲ ಕೋಣೆಯಲ್ಲಿ ಔಷಧದ ನೀರಿನಲ್ಲಿ ತೊಳೆದಾಗಲೇ ಚಿತ್ರ ಮೂಡುವುದು. ಅಲ್ಲಿಯವರೆಗೆ ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಮದುವೆಯ ಚಪ್ಪರ ಬಿಚ್ಚಿ ತಿಂಗಳಾಗಿರುತ್ತಿತ್ತು.

ಹಾಗೆ ಬಿಚ್ಚಿದ ಒಂದು ಚಪ್ಪರದ ಕಥೆ ಹೇಳುತ್ತೇನೆ.

ನನ್ನ ಹುಟ್ಟೂರು ಟಿಕೋಟಾ. ನನಗೆ ಐದು ವರ್ಷವಿದ್ದಾಗ ಅವ್ವ ತೀರಿಕೊಂಡಳು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ನನ್ನನ್ನು ಸಾಕಿದಳು. ಆಕೆಯನ್ನು ಅದೇ ಊರಿನಲ್ಲೇ ಕೊಟ್ಟದ್ದರಿಂದ ನನಗೆ ತವರು ಎಂದರೆ ಅಕ್ಕನ ಮನೆಯೇ ಆಯಿತು. 1990ರಲ್ಲಿ ಅಕ್ಕನ ಮಗಳ ಮದುವೆ ಕೂಡಿ ಬಂತು. ವರ ಬಬಲೇಶ್ವರದವನು. ಸ್ಟುಡಿಯೋದವರನ್ನು ಕರೆಸೋಣವೆಂದು ಯಾರೋ ಹೇಳಿದಾಗ ಅಕ್ಕ, “ನಮ್ಮ ತಮ್ಮನ ಕಡೆ ಕ್ಯಾಮೆರಾ ಐತಿ, ಸ್ಟುಡಿಯೋದವ್ರು ಯಾಕ?” ಎಂದುಬಿಟ್ಟಳು. ನಾನೂ ಎದೆ ಉಬ್ಬಿಸಿಕೊಂಡು ಹೋದೆ. ಅರಿಶಿಣ, ಅಕ್ಕಿಕಾಳು, ಇಳಕಲ್ಲ ಸೀರೆಯುಟ್ಟು ಮಗಳನ್ನು ತಬ್ಬಿಕೊಂಡು ಅಳುವ ಅಕ್ಕ, ಎಲ್ಲವನ್ನೂ ಲೆಕ್ಕ ಹಾಕಿ ಹೊಡೆದೆ. ಕ್ಯಾಮೆರಾದ ಅಂಕಿ ಮೂವತ್ತಾರಕ್ಕೆ ಬಂತು.

ತೊಳೆಸಲು ಕೊಟ್ಟ ರೀಲು ಎಂಟು ದಿನಕ್ಕೆ ತಿರುಗಿ ಬಂತು. ತುದಿಯಲ್ಲಿ ಗೇಣುದ್ದ ಕಪ್ಪು, ಉಳಿದದ್ದೆಲ್ಲ ಖಾಲಿ ಕಿತ್ತಳೆ ಪಟ್ಟಿ. ರೀಲು ಹಾಕುವಾಗ ಅದರ ತುದಿ ಒಳಗಿನ ಹಲ್ಲಿಗೆ ಸರಿಯಾಗಿ ಸಿಕ್ಕಿರಲಿಲ್ಲ. ನಾನು ಗುಂಡಿ ಒತ್ತಿದೆ, ಅಂಕಿ ಮುಂದೆ ಹೋಯಿತು, ರೀಲು ಮಾತ್ರ ನಿಂತಲ್ಲೇ ನಿಂತಿತ್ತು. ರೀಲು ಸರಿಯುತ್ತಿದ್ದರೆ ಎಡಗಡೆಯ ಸುತ್ತುವ ಗುಂಡಿಯೂ ತಿರುಗುತ್ತದೆ. ಅದನ್ನೊಮ್ಮೆ ನೋಡಿದ್ದರೆ ಸಾಕಿತ್ತು. ನೂರು ಮಂದಿಯ ಕಾಸಿನ ಲೆಕ್ಕ ತಪ್ಪದೆ ಬರೆದವನು ಅಷ್ಟು ನೋಡಲಿಲ್ಲ.

ಅಕ್ಕ ಬೈಯಲಿಲ್ಲ. “ನನ್ನ ಮಾರಿ ನಿನ್ನ ಡಬ್ಬ್ಯಾಗ ಕೂಡಂಗಿಲ್ಲ ಬಿಡೋ” ಎಂದು ನಕ್ಕಳು. ಅಂದಿನಿಂದ ನಾನು ಕ್ಯಾಮೆರಾ ಎತ್ತಿದಾಗಲೆಲ್ಲ ಅಕ್ಕ ಸೆರಗು ಮುಂದೆ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ನಗೆಚಾಟಿಕೆಯಂತೆಯೇ ಇತ್ತು, ಆದರೆ ನನಗೆ ನಗು ಬರುತ್ತಿರಲಿಲ್ಲ.

2009ರ ಕೊನೆಗೆ ನಿವೃತ್ತನಾದೆ. ಬೆಂಗಳೂರಿನಲ್ಲಿರುವ ಮಗ ಒಂದು ಡಿಜಿಟಲ್ ಕ್ಯಾಮೆರಾ ಕಳಿಸಿದ. ಅಂಗೈಯಗಲದ್ದು. ಎರಡು ಪೆನ್ಸಿಲ್ ಸೆಲ್ಲು, ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಕಾರ್ಡು. ‘ಬಳಸಲು ಸುಲಭ’ ಎಂದು ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ಓದಿಯೇ ನನಗೆ ಅನುಮಾನ ಬಂತು. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗಲೂ ಹೀಗೇ ಹೇಳಿದ್ದರು.

ಕಲಿಸಿದವನು ಐದನೇ ತರಗತಿಯಲ್ಲಿದ್ದ ಮಗಳ ಮಗ. “ಮುತ್ಯಾ, ಗುಂಡಿ ಪೂರ್ತಿ ಒತ್ತಬ್ಯಾಡ. ಅರ್ಧ ಒತ್ತು. ಹಸಿರು ಚೌಕ ಬಂತಿಲ್ಲೋ? ಈಗ ಪೂರ್ತಿ ಒತ್ತು.” ಅರ್ಧ ಒತ್ತಿದಾಗ ಕ್ಯಾಮೆರಾ ದೂರ ಅಳೆಯುತ್ತದೆ, ಬೆಳಕು ಅಳೆಯುತ್ತದೆ. ನಾನು ಮೂವತ್ತೈದು ವರ್ಷ ಅಂದಾಜಿನಲ್ಲಿ ಮಾಡಿದ ಕೆಲಸವನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಮಾಡಿತು.

“ಎಷ್ಟು ಫೋಟೋ ಬರತಾವೋ?” ಎಂದೆ.

“ಆರು ನೂರರ ಮ್ಯಾಲ. ಬ್ಯಾಡಾದದ್ದು ಅಳಿಸಿದ್ರ ಮತ್ತ ಜಾಗ ಆಗತೈತಿ.”

ಅಳಿಸುವುದು! ಲೆಡ್ಜರಿನಲ್ಲಿ ಒಂದಂಕಿ ತಪ್ಪಿದರೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸಹಿ ಹಾಕುತ್ತಿದ್ದವನಿಗೆ ಆ ಮಾತು ಕಿವಿಗೆ ಹೊಸದು.

ಪರೀಕ್ಷೆ ಮಾಡೋಣವೆಂದು 2010ರ ಫೆಬ್ರವರಿ 14, ಭಾನುವಾರ, ನಾನು, ನನ್ನಾಕೆ, ಮೊಮ್ಮಗ ಮೂವರೂ ಬುತ್ತಿ ಕಟ್ಟಿಕೊಂಡು ಹೊರಟೆವು. ನಕ್ಷೆ ತೆಗೆದು ನೋಡಿ: ವಿಜಯಪುರ, ಅದರ ಪಶ್ಚಿಮಕ್ಕೆ ಟಿಕೋಟಾ, ಟಿಕೋಟಾದ ದಕ್ಷಿಣಕ್ಕೆ ಬಬಲೇಶ್ವರ. ಮೂರನ್ನೂ ಗೆರೆಯಿಂದ ಕೂಡಿಸಿದರೆ ತ್ರಿಕೋನವಾಗುತ್ತದೆ. ಒಂದೊಂದು ಬದಿಯೂ ಸುಮಾರು ಇಪ್ಪತ್ತು ಕಿಲೋಮೀಟರ್. ಒಂದೇ ದಿನದಲ್ಲಿ ಸುತ್ತಿ ಬರಬಹುದು. ಆಗ ಎರಡೂ ಊರುಗಳು ವಿಜಾಪುರ ತಾಲ್ಲೂಕಿನಲ್ಲಿದ್ದವು. ಈಗ ಅವೇ ತಾಲ್ಲೂಕು ಕೇಂದ್ರಗಳಾಗಿವೆ. 2014ರ ನವೆಂಬರ್ 1ರಿಂದ ನಮ್ಮ ವಿಜಾಪುರವೂ ವಿಜಯಪುರವಾಗಿದೆ.

ಬೆಳಗಿನ ಹೊತ್ತು ಮೊದಲು ಗೋಳಗುಮ್ಮಟಕ್ಕೆ ಹೋದೆವು. ಮಂದಿ ಕೂಡುವ ಮುಂಚೆ ಹೋದರೆ ಪ್ರತಿಧ್ವನಿ ಚೆನ್ನಾಗಿ ಕೇಳುತ್ತದೆ. ಇದು 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ನಡುವೆ ಒಂದೂ ಕಂಬವಿಲ್ಲ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಗೆ ಬಂದು ಮೊಮ್ಮಗ “ಮುತ್ಯಾ!” ಎಂದು ಕೂಗಿದ. ಏಳೆಂಟು ಮೊಮ್ಮಕ್ಕಳು ಒಬ್ಬರ ಹಿಂದೊಬ್ಬರು ಕರೆದಂತಾಯಿತು.

ಇಲ್ಲಿಯ ಒಳಗಿನ ಫೋಟೋ ನನಗೆ ರೀಲಿನಲ್ಲಿ ಒಮ್ಮೆಯೂ ಸರಿಯಾಗಿ ಬಂದಿರಲಿಲ್ಲ. ಈ ಸಲವೂ ಮೊದಲನೆಯದು ಕಪ್ಪು. ಆದರೆ ಕಪ್ಪು ಎಂದು ತಿಳಿಯಲು ಎಂಟು ದಿನ ಬೇಕಾಗಲಿಲ್ಲ. ಮೊಮ್ಮಗ ಫ್ಲ್ಯಾಶ್ ಬಂದ್ ಮಾಡಿದ. ಅವನು ಮಾಡಿದ್ದು ಸರಿ. ಸಣ್ಣ ಕ್ಯಾಮೆರಾದ ಫ್ಲ್ಯಾಶ್ ಹತ್ತು-ಹನ್ನೆರಡು ಅಡಿ ಮುಟ್ಟಿದರೆ ಹೆಚ್ಚು. ಗುಮ್ಮಟದ ಆಚೆ ಬದಿಗೆ ಅದು ಎಲ್ಲಿಯ ಲೆಕ್ಕ? ಕ್ಯಾಮೆರಾವನ್ನು ಕಟ್ಟೆಯ ಮೇಲೆ ಅಲುಗಾಡದಂತೆ ಇಟ್ಟು, ಉಸಿರು ಹಿಡಿದು ಒತ್ತಿದೆ. ಸಣ್ಣ ಪರದೆಯ ಮೇಲೆ ಗ್ಯಾಲರಿಯ ಪೂರ್ತಿ ಸುತ್ತು, ಕಿಟಕಿಯಿಂದ ಇಳಿದ ಬಿಸಿಲ ಕೋಲು, ಎಲ್ಲ ಮೂಡಿತ್ತು. ಅರವತ್ತರ ಮುದುಕ ಅಲ್ಲಿಯೇ ಒಂದು ಹೆಜ್ಜೆ ಕುಣಿದದ್ದನ್ನು ನನ್ನಾಕೆ ನೋಡಿದಳು.

ನಮ್ಮ ಊರಿಗೂ ಫೋಟೋಗೂ ಹಳೆಯ ನಂಟು. 1866ರಲ್ಲೇ ಲಂಡನ್ನಿನಲ್ಲಿ ವಿಜಾಪುರದ ಕಟ್ಟಡಗಳ ಫೋಟೋಗಳ ದೊಡ್ಡ ಪುಸ್ತಕ ಅಚ್ಚಾಗಿತ್ತು. ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ಎಂಬ ಸೇನಾಧಿಕಾರಿಗಳು ಇಲ್ಲಿಗೆ ಬಂದು ತೆಗೆದ ಚಿತ್ರಗಳು ಅದರಲ್ಲಿವೆ. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ಆಗಿನ ಕ್ಯಾಮೆರಾ ಎಂದರೆ ಮರದ ದೊಡ್ಡ ಪೆಟ್ಟಿಗೆ, ಕಾಲು, ಔಷಧದ ಬಾಟಲಿಗಳು. ಚಿತ್ರ ಮೂಡುವವರೆಗೆ ಎದುರಿಗಿರುವುದು ಅಲುಗಾಡಬಾರದು. ಕಲ್ಲು ಅಲುಗಾಡುವುದಿಲ್ಲ, ಆದ್ದರಿಂದ ಕಟ್ಟಡಗಳು ಚೆನ್ನಾಗಿ ಬಂದವು.

ನಾವು ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟೆವು. ಮೊದಲು ಸಿಗುವುದು ತೊರವಿ. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಆರಾಧ್ಯ ದೈವ ಲಕ್ಷ್ಮೀನರಸಿಂಹನ ಗುಡಿ ಇಲ್ಲಿದೆ. ಸಂಗೀತದ ಹುಚ್ಚಿದ್ದ ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ನವರಸಪುರ ಎಂಬ ಹೊಸ ನಗರ ಕಟ್ಟಲು ತೊಡಗಿದ್ದೂ ಈ ಬಯಲಿನಲ್ಲೇ. ಸಂಗೀತ ಮಹಲಿನ ಮುರುಕು ಗೋಡೆಗಳು ಈಗಲೂ ನಿಂತಿವೆ. ಅಲ್ಲಿ ಮೊಮ್ಮಗ ಒಂದು ಓತಿಕ್ಯಾತದ ಫೋಟೋ ತೆಗೆದ, ಹನ್ನೊಂದು ಸಲ. “ಒಂದು ಸಾಕೋ” ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹನ್ನೊಂದರಲ್ಲಿ ಒಂದು ಬಹಳ ಚಂದ ಬಂದಿತ್ತು.

ಟಿಕೋಟಾ ಸಮೀಪಿಸಿದಂತೆ ದ್ರಾಕ್ಷಿ ಪಡ ಶುರುವಾದವು. ನನ್ನ ಬಾಲ್ಯದ ಟಿಕೋಟಾ ಜೋಳ, ಸಜ್ಜೆ, ಕುಸುಬಿಯ ಒಣ ಊರು. ಮುಂದೆ ಕೊಳವೆ ಬಾವಿ, ಹನಿ ನೀರಾವರಿ ಬಂದು ದ್ರಾಕ್ಷಿಯ ಊರಾಯಿತು. ಅಕ್ಕನ ಮಗನ ಹೊಲದಲ್ಲಿ ಒಣದ್ರಾಕ್ಷಿಯ ಶೆಡ್ಡು ಇತ್ತು. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ಮೇಲೊಂದು ಕೆಳಗೊಂದು ಕಟ್ಟಿದ ಬಲೆಗಳ ಮೇಲೆ ನೆರಳಿನಲ್ಲಿ ಹರವುತ್ತಾರೆ. ಎರಡು-ಮೂರು ವಾರಕ್ಕೆ ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ.

ಅಲ್ಲಿ ಹಣ್ಣು ಹರವುತ್ತಿದ್ದ ಹೆಣ್ಣುಮಕ್ಕಳ ಒಂದು ಫೋಟೋ ತೆಗೆದು ತೋರಿಸಿದೆ. “ನಮ್ಮದೂ ತಗೀರಿ”, “ನಂದೊಂದ ತಗೀರಿ” ಎಂದು ಎಲ್ಲರೂ ಬಂದರು. ಎಲ್ಲರದೂ ತೆಗೆದೆ. ಹೊಲಕ್ಕೆ ಕೂಲಿಗೆ ಬಂದವರ ಫೋಟೋ ನಾನು ಅಲ್ಲಿಯವರೆಗೆ ಒಂದೂ ತೆಗೆದಿರಲಿಲ್ಲ. ರೀಲು ಖರ್ಚಾಗುತ್ತದೆಂದು.

ಮನೆಯಲ್ಲಿ ಅಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಆಗ ಆಕೆಗೆ ಎಪ್ಪತ್ತು.

“ಬಾರೋ ತಮ್ಮಾ. ಮತ್ತ ಡಬ್ಬಿ ತಂದೀಯೇನು?” ಎಂದು ಎದ್ದು ಒಳಗೆ ಹೊರಟಳು.

“ಕೂಡು ಅಕ್ಕಾ. ಇದರಾಗ ರೀಲಿಲ್ಲ.”

“ರೀಲಿಲ್ಲದ ಎಂಥಾ ಕ್ಯಾಮೆರಾನೋ?” ಎಂದು ಆಕೆ ತಿರುಗಿ ನೋಡಿದಳು. ಅಷ್ಟರಲ್ಲಿ ಮೊಮ್ಮಗ ಗುಂಡಿ ಒತ್ತಿದ್ದ. ಪರದೆ ತೋರಿಸಿದ. ಅಕ್ಕ ಚಾಳೀಸು ಏರಿಸಿ ನೋಡಿದಳು. ಸೆರಗು, ನತ್ತು, ಕೈಯಲ್ಲಿ ಶೇಂಗಾ ಕಾಯಿ, “ಎಂಥಾ ಕ್ಯಾಮೆರಾನೋ” ಎನ್ನುವ ಅರೆತೆರೆದ ಬಾಯಿ, ಎಲ್ಲವೂ ಇದ್ದವು.

“ಕೂತಿತಲ್ಲೋ ಮಾರಿ!” ಎಂದಳು. ಇಪ್ಪತ್ತು ವರ್ಷದ ಮೇಲೆ ಆಕೆ ನನ್ನ ಎದುರು ಕದಲದೆ ಕೂತಳು.

ಊಟವಾದ ಮೇಲೆ ಅಕ್ಕನೇ ಬಬಲೇಶ್ವರಕ್ಕೆ ಹೋಗೋಣವೆಂದಳು. “ಮಗಳ ಮದುವಿ ಫೋಟೋ ಬಾಕಿ ಐತಿ” ಎಂದಳು. ಬಾಕಿ ಎಂಬ ಮಾತು ಗುಮಾಸ್ತನಿಗೆ ನಾಟುವಷ್ಟು ಬೇರೆ ಯಾರಿಗೂ ನಾಟುವುದಿಲ್ಲ. ಅಕ್ಕನ ಮಗ ಜೀಪು ತೆಗೆದ. ದಾರಿಯ ಎರಡೂ ಕಡೆ ಎರೆ ಹೊಲ, ತೆನೆ ತುಂಬಿ ನಿಂತ ಬಿಳಿಜೋಳ. ಕೃಷ್ಣೆಯ ನೀರು ತುಬಚಿ–ಬಬಲೇಶ್ವರ ಏತ ನೀರಾವರಿಯಲ್ಲಿ ಈ ಕಡೆ ಹತ್ತಿ ಬಂದದ್ದು ಆಮೇಲಿನ ಮಾತು. ಆಗ ಈ ಹೊಲಗಳು ಮಳೆಯನ್ನೂ ಇಬ್ಬನಿಯನ್ನೂ ನಂಬಿದ್ದವು.

ಸೊಸೆ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು. ವಿಷಯ ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಮಾಮಾ, ಮಗಳು ಹತ್ತನೇತ್ತಕ್ಕ ಬಂದಾಳ. ಈಗ ನಂದು ಮದುವಿ ಫೋಟೋ ಏನ್ರಿ?” ಆದರೂ ಒಳಗೆ ಹೋಗಿ ಹಸಿರು ಇಳಕಲ್ಲ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬಂದಳು. ಅಳಿಯ ಪಟಕಾ ಸುತ್ತಿಕೊಂಡ. ಇಬ್ಬರನ್ನೂ ಬಾಗಿಲ ಮುಂದೆ ನಿಲ್ಲಿಸಿ ತೆಗೆದೆ. ಆಮೇಲೆ ಸೊಸೆಯ ಮುಖದ್ದೊಂದು ಹತ್ತಿರದಿಂದ ತೆಗೆದೆ. ನಗು ತಡೆಯಲಾರದೆ ಆಕೆ ತುಟಿ ಬಿಗಿಹಿಡಿದ ಕ್ಷಣ ಅದು.

ಕ್ಯಾಮೆರಾ ಅಕ್ಕನ ಕೈಗೆ ಕೊಟ್ಟೆ. ಆಕೆ ಬಹಳ ಹೊತ್ತು ನೋಡಿದಳು.

“ತಮ್ಮಾ, ಇದು ಅವ್ವ ಅಲ್ಲೇನೋ?”

“ಅಕ್ಕಾ, ಅಕಿ ನಿನ್ನ ಮಗಳು.”

“ಮಗಳು ಅಂಬೂದು ಗೊತ್ತೈತೋ. ಖರೇ ಮಾರಿ ಅವ್ವಂದು. ಅವ್ವ ಹೋದಾಗ ಅಕಿಗೆ ಇಷ್ಟ ವಯಸ್ಸಾಗಿತ್ತು. ನಗು ಬಂದ್ರ ತುಟಿ ಹಿಂಗ ಹಿಡೀತಿದ್ದಳು. ಇಕಿನ್ನ ದಿನಾ ನೋಡತಿದ್ದೆ, ಗೊತ್ತ ಆಗಿರಲಿಲ್ಲ ನೋಡು.”

ಅವ್ವನದು ಒಂದೂ ಫೋಟೋ ಇಲ್ಲ. ಆ ಕಾಲಕ್ಕೆ ಟಿಕೋಟಾದಲ್ಲಿ ಒಕ್ಕಲಿಗರ ಮನೆಯ ಹೆಣ್ಣುಮಗಳ ಫೋಟೋ ಯಾರು ತೆಗೆಯುತ್ತಿದ್ದರು? ಅವ್ವನ ಬಗ್ಗೆ ನನಗಿದ್ದ ನೆನಪು ಎರಡೇ: ಹಸಿರು ಬಳೆಯ ಕೈ, ಒಲೆಯ ಹೊಗೆ ಹತ್ತಿದ ಸೆರಗಿನ ವಾಸನೆ. ಮುಖ ಇರಲಿಲ್ಲ. ಅರವತ್ತು ವರ್ಷದವನು ಬಬಲೇಶ್ವರದ ಒಂದು ಅಂಗಳದಲ್ಲಿ, ಎರಡೂವರೆ ಅಂಗುಲದ ಪರದೆಯಲ್ಲಿ ಅವ್ವನ ಮುಖ ನೋಡಿದೆ. ನನ್ನಾಕೆ ಸುಮ್ಮನೆ ಕ್ಯಾಮೆರಾ ಕೈಯಿಂದ ತೆಗೆದುಕೊಂಡು ನನಗೆ ನೀರಿನ ತಂಬಿಗೆ ಕೊಟ್ಟಳು.

ಮರಳುವಾಗ ಸಾರವಾಡದ ಹತ್ತಿರ ಡೋಣಿ ಹೊಳೆ ಸಿಕ್ಕಿತು. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಎಂಬ ಗಾದೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬೇಸಿಗೆ ಹತ್ತಿರವಾಗಿ ನೀರು ಸಣ್ಣಗೆ ಹರಿಯುತ್ತಿತ್ತು. ಸಂಜೆ ಬೆಳಕು ಚಂದವಿತ್ತು. ಆದರೆ ನಾನು ಕ್ಯಾಮೆರಾ ತೆಗೆಯಲಿಲ್ಲ. ಅಂದಿನ ಪಾಲಿನದು ಮುಗಿದಿತ್ತು.

ಮರುದಿನ ಬೆಳಿಗ್ಗೆ ಸ್ಟುಡಿಯೋಕ್ಕೆ ಹೋಗಿ ಪ್ರಿಂಟು ಹಾಕಿಸಿದೆ. ಅಕ್ಕನದು, ಸೊಸೆ-ಅಳಿಯನದು, ಸೊಸೆಯ ಮುಖದ್ದು, ದ್ರಾಕ್ಷಿ ಶೆಡ್ಡಿನ ಹೆಣ್ಣುಮಕ್ಕಳದು. ಎಲ್ಲವೂ ಎರಡೆರಡು ಪ್ರತಿ. “ಕಂಪ್ಯೂಟರಿನ್ಯಾಗ ಇರತಾವಲ್ಲ ಮುತ್ಯಾ, ಪ್ರಿಂಟ್ ಯಾಕ?” ಎಂದ ಮೊಮ್ಮಗ. ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಎರಡೂ ಕಡೆ ಬರೆಯದೆ ನಿದ್ದೆ ಬಾರದ ಕೆಲಸದಲ್ಲಿ ಬೆಳೆದವನು ನಾನು. ಆ ಹಳೆಯ ರೂಢಿ ಅಂದು ನನ್ನನ್ನು ಉಳಿಸಿತು.

ಆಮೇಲೆ ಎರಡು ವರ್ಷ ಸಿಕ್ಕಿದ್ದನ್ನೆಲ್ಲ ತೆಗೆದೆ. ರೊಟ್ಟಿ ಬಡಿಯುವ ನನ್ನಾಕೆಯದೇ ಒಂದು ನೂರು ಇದ್ದವು. ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದೆ, ಕಾರ್ಡು ಖಾಲಿ ಮಾಡಿದೆ. ಪ್ರಿಂಟು ನಾಳೆ ಹಾಕಿಸೋಣವೆಂದೆ. 2012ರಲ್ಲಿ ಒಂದು ದಿನ ಕಂಪ್ಯೂಟರಿನ ಹಾರ್ಡ್ ಡಿಸ್ಕು ಕಟಕಟ ಸದ್ದು ಮಾಡಿ ನಿಂತುಹೋಯಿತು. ನಾಲ್ಕು ಸಾವಿರದಷ್ಟು ಫೋಟೋ ಹೋದವು. ಮೂವತ್ತಾರು ಹೋದಾಗ ಅತ್ತಿದ್ದವನು ನಾಲ್ಕು ಸಾವಿರಕ್ಕೆ ಎಷ್ಟು ಅಳಬೇಕು? ಆದರೆ ಆ ಭಾನುವಾರದ ಮುಖಗಳು ಮಾತ್ರ ಕಾಗದದ ಮೇಲೆ ಉಳಿದಿದ್ದವು.

ಹಳೆಯ ರೀಲಿಗೂ ಒಂದು ಮಾತು ಹೇಳಬೇಕು. 1973ರ ನನ್ನ ಕಪ್ಪು-ಬಿಳುಪು ನೆಗೆಟಿವ್‌ಗಳು ಕವರಿನಲ್ಲಿ ಇನ್ನೂ ಹಾಗೇ ಇವೆ. ಬೆಳಕಿಗೆ ಹಿಡಿದರೆ ಸಾಕು, ಕಾಣುತ್ತವೆ. ವಿದ್ಯುತ್ ಬೇಡ, ಪಾಸ್‌ವರ್ಡು ಬೇಡ. ಇನ್ನೊಂದು ಸೋಜಿಗ ಕೇಳಿ. ರೀಲಿಗೆ ಜಗತ್ತಿನಲ್ಲೇ ಹೆಸರಾಗಿದ್ದ ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿದ್ದ. ತೂಕ ಮೂರೂವರೆ ಕಿಲೋ ದಾಟಿತ್ತು. ಒಂದು ಚಿತ್ರ ಕ್ಯಾಸೆಟ್ಟಿನ ಮೇಲೆ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಅಡ್ಡ ನೂರು, ಉದ್ದ ನೂರು, ಒಟ್ಟು ಹತ್ತು ಸಾವಿರ ಚುಕ್ಕಿಯ ರಂಗೋಲಿಯಂಥ ಚಿತ್ರ. ನನ್ನ ಸಣ್ಣ ಕ್ಯಾಮೆರಾದಲ್ಲಿ ಅಂಥ ಚುಕ್ಕಿ ಎಂಬತ್ತು ಲಕ್ಷ. ಮೊದಲು ಮಾಡಿದ ಕಂಪನಿಯೇ ಹಿಂದೆ ಬಿತ್ತು. 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೇಳಿ ನ್ಯಾಯಾಲಯಕ್ಕೆ ಹೋಯಿತು. ನನ್ನ ಡಿಸ್ಕು ಹೋದದ್ದೂ ಅದೇ ವರ್ಷ.

ಈಗ ನಾನು ಎಪ್ಪತ್ತು ದಾಟಿದ್ದೇನೆ. ಫೋನಿನಲ್ಲೇ ಕ್ಯಾಮೆರಾ ಇದೆ. ರೀಲಿನದೂ ಸೆಲ್ಲಿನದೂ ಎರಡೂ ಕ್ಯಾಮೆರಾ ಕಪಾಟಿನಲ್ಲಿ ಅಕ್ಕಪಕ್ಕ ಕೂತಿವೆ. ಅಕ್ಕ 2016ರಲ್ಲಿ ತೀರಿಕೊಂಡಳು. ಟಿಕೋಟಾದ ಮನೆಯಲ್ಲಿ ಆಕೆಯ ಫೋಟೋ ಹುಡುಕಾಡುವ ಪ್ರಸಂಗ ಬರಲಿಲ್ಲ. ಶೇಂಗಾ ಸುಲಿಯುತ್ತ “ಎಂಥಾ ಕ್ಯಾಮೆರಾನೋ” ಎಂದ ಅದೇ ಚಿತ್ರವನ್ನು ದೊಡ್ಡದು ಮಾಡಿಸಿ ಹಾಕಿದ್ದಾರೆ. ನೋಡಿದವರೆಲ್ಲ ಮಾತಾಡಲು ಬಾಯಿ ತೆರೆದಂತಿದೆ ಎನ್ನುತ್ತಾರೆ.

ಮಕ್ಕಳೇ, ಈ ರಜೆಯಲ್ಲಿ ನಮ್ಮ ಊರಿಗೆ ಬಂದರೆ ಗೋಳಗುಮ್ಮಟದ ಫೋಟೋ ಅವಶ್ಯ ತೆಗೆಯಿರಿ. ಆದರೆ ಅದು ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಅದಕ್ಕೂ ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರದೊಂದು ತೆಗೆಯಿರಿ. ಕೆಲಸ ಮಾಡುತ್ತಿರುವಾಗಲೇ ತೆಗೆಯಿರಿ. ಅವರಿಗೆ ತೋರಿಸಿರಿ, ಏನು ಹೇಳುತ್ತಾರೆ ಕೇಳಿರಿ. ಆಮೇಲೆ ಹತ್ತಿರದ ಸ್ಟುಡಿಯೋಕ್ಕೆ ಹೋಗಿ ಎರಡು ಪ್ರತಿ ಪ್ರಿಂಟು ಹಾಕಿಸಿರಿ. ಒಂದು ಅವರಿಗೆ, ಒಂದು ನಿಮಗೆ. ಹಿಂದುಗಡೆ ಮೆತ್ತನೆಯ ಪೆನ್ಸಿಲ್ಲಿನಿಂದ ಹೆಸರು, ಊರು, ತಾರೀಖು ಬರೆಯಿರಿ. ಬರೆಯದಿದ್ದರೆ ಐವತ್ತು ವರ್ಷಕ್ಕೆ ಆ ಮುಖ ಯಾರದೆಂದು ಹೇಳುವವರು ಇರುವುದಿಲ್ಲ.

ನನ್ನ ಮೇಜಿನ ಡ್ರಾಯರಿನಲ್ಲಿರುವ ಸೊಸೆಯ ಫೋಟೋದ ಹಿಂದೆ ನಾನು ಬರೆದದ್ದು ಇಷ್ಟು: ‘ಬಬಲೇಶ್ವರ, 14-2-2010. ಅಕ್ಕನ ಮಗಳು. ನಮ್ಮ ಅವ್ವನ ಮುಖ ಹೀಗೇ ಇತ್ತೆಂದು ಅಕ್ಕ ಹೇಳಿದ್ದು.’ ಅದರ ಕೆಳಗೆ, ಲೆಡ್ಜರಿನಲ್ಲಿ ಮಾಡುತ್ತಿದ್ದಂತೆ, ಸಹಿ ಹಾಕಿದ್ದೇನೆ.